ಪಸರಣಿ ಘಾಟಿನಲ್ಲಿ ಒಂದು ಟರ್ಬೊ ಕಾರು



ಪುಣೆಯಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಸುಮಾರು 340 ಕಿಲೋಮೀಟರು. ನಿಮ್ಮಲ್ಲಿ ಪುಣೆ, ಮುಂಬಯಿ ಕಡೆಯವರಿಗೆ ಈ ದಾರಿ ಅಂಗೈ ಗೆರೆಯಷ್ಟು ಪರಿಚಿತ. ದೀಪಾವಳಿಗೆ, ಬೇಸಿಗೆ ರಜೆಗೆ, ಮದುವೆ ಮುಂಜಿವೆಗೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತ, ಖಂಬಾಟಕಿ ಘಾಟು ಬಂದಾಗ ಎದ್ದು ವಾಂತಿ ಮಾಡಿ, ಮತ್ತೆ ಮಲಗಿ, ನಿಪ್ಪಾಣಿ ಹತ್ತಿರ ಬಂದಾಗ ಕನ್ನಡ ಬೋರ್ಡುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದವರು ನೀವು. ಈಗ ಹಿಂದಿನ ಸೀಟು ಬಿಟ್ಟು ಸ್ಟಿಯರಿಂಗಿನ ಮುಂದೆ ಬಂದು ಕೂತಿದ್ದೀರಿ. ಸಂತೋಷದ ಸಂಗತಿ.

ನಮ್ಮ ಸಂಘದ ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತ ಇಬ್ಬರು ಹುಡುಗರು ಎಲೆಯ ಮೇಲಿನ ಹೋಳಿಗೆಯನ್ನೂ ಮರೆತು "ಸ್ಟೇಜ್ ಒನ್", "ಸ್ಟೇಜ್ ಟೂ" ಎಂದು ಮಾತಾಡಿಕೊಳ್ಳುತ್ತಿದ್ದರು. ನಾಟಕದ ವಿಚಾರವಿರಬೇಕು, ರಾಜ್ಯೋತ್ಸವಕ್ಕೆ ಒಂದು ತಂಡ ಸಿಕ್ಕಿತು ಎಂದು ನಮ್ಮ ಕಾರ್ಯದರ್ಶಿಗಳು ಖುಷಿಪಟ್ಟರು! ಅದು ಕಾರಿನ ಎಂಜಿನ್ನಿಗೆ ಶಕ್ತಿ ಹೆಚ್ಚಿಸುವ ವಿದ್ಯೆಯ ಮಾತೆಂದು ನನಗೆ ಮಾತ್ರ ಗೊತ್ತಿತ್ತು. ಗೊತ್ತಾದ ಬಗೆಯನ್ನು, ಅದಕ್ಕೆ ತೆತ್ತ ಬೆಲೆಯನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಹುಟ್ಟಿದ್ದು, ಬೆಳೆದದ್ದು ಪುಣೆಯಲ್ಲೇ. ಮನೆಯಲ್ಲಿ ಕನ್ನಡ, ಗೆಳೆಯರಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು, ಕಾರಿನ ಜೊತೆ ಮೌನ. 2021ರಲ್ಲಿ ಅವನು ತನ್ನ ಸಂಬಳದ ಉಳಿತಾಯದಲ್ಲಿ 2014ರ ಮಾದರಿಯ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಈ ಕಾರು ಒಂದು ರೀತಿಯಲ್ಲಿ ನಮ್ಮೂರ ಮಗುವೇ. ಪುಣೆಯ ಪಕ್ಕದ ಚಾಕಣದಲ್ಲಿ 2009ರಲ್ಲಿ ಶುರುವಾದ ಕಾರ್ಖಾನೆಯಲ್ಲಿ ತಯಾರಾದದ್ದು. 2013ರಲ್ಲಿ ಮಾರುಕಟ್ಟೆಗೆ ಬಂದಾಗ ಸಣ್ಣ ಕಾರಿಗೆ ಇಷ್ಟೊಂದು ಬಲವೇ ಎಂದು ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಎಂಜಿನ್ ಬರೀ 1197 ಸಿಸಿ. ಶಕ್ತಿ 105 ಪಿಎಸ್. ತಿರುಚುಬಲ, ಅಂದರೆ ಟಾರ್ಕು, 175 ನ್ಯೂಟನ್ ಮೀಟರು. ಅದೂ ನಿಮಿಷಕ್ಕೆ 1500 ಸುತ್ತಿನಿಂದಲೇ ಸಿಗುವಂಥದ್ದು. 2022ರಲ್ಲಿ ಪೋಲೊ ಮಾರಾಟವೇ ನಮ್ಮ ದೇಶದಲ್ಲಿ ನಿಂತುಹೋಯಿತು. ಅಂದಿನಿಂದ ಇದ್ದವರು ಅದನ್ನು ಮನೆದೇವರಂತೆ ಕಾಪಾಡತೊಡಗಿದ್ದಾರೆ.

ಸಣ್ಣ ಎಂಜಿನ್ನಿಗೆ ಇಷ್ಟು ಬಲ ಎಲ್ಲಿಂದ ಬಂತು? ಒಲೆ ಊದುವ ಅಜ್ಜಿಯನ್ನು ನೀವು ನೋಡಿರಲಿಕ್ಕಿಲ್ಲ, ಕೇಳಿಯಾದರೂ ಇರುತ್ತೀರಿ. ಕಟ್ಟಿಗೆ ಅದೇ, ಊದುಕೊಳವೆಯಿಂದ ಗಾಳಿ ಹೆಚ್ಚು ಕೊಟ್ಟರೆ ಬೆಂಕಿ ಹೆಚ್ಚು. ಟರ್ಬೊ ಎಂದರೆ ಇಂಥ ಊದುಕೊಳವೆ. ಎಂಜಿನ್ನು ಹೊರಗೆಸೆಯುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಈ ದಂಡ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಮೀರಿ ಸುತ್ತು ಹೊಡೆಯಬಲ್ಲದು. ಒತ್ತಿದ ಗಾಳಿ ಕಾದು ಹಿಗ್ಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್; ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡಲು ವೇಸ್ಟ್‌ಗೇಟ್ ಎಂಬ ಬಾಗಿಲು. ಈ ಬಾಗಿಲು ಯಾವಾಗ ಎಷ್ಟು ತೆರೆಯಬೇಕು, ಪೆಟ್ರೋಲು ಎಷ್ಟು ಚಿಮುಕಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬ ಲೆಕ್ಕವೆಲ್ಲ ಇಸಿಯು ಎಂಬ ಗಣಕದ ಡಬ್ಬಿಯಲ್ಲಿ ಕೋಷ್ಟಕಗಳ ರೂಪದಲ್ಲಿರುತ್ತದೆ.

ಸ್ಟೇಜ್ ಒನ್ ಎಂದರೆ ಈ ಕೋಷ್ಟಕಗಳನ್ನು ತಿದ್ದುವುದು, ಅಷ್ಟೇ. ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ. ಲ್ಯಾಪ್‌ಟಾಪ್ ತಂದು ತಂತಿ ಸಿಕ್ಕಿಸಿ, ಟರ್ಬೊ ಒತ್ತಡವನ್ನು ತುಸು ಏರಿಸಿ, ಕಿಡಿಯನ್ನು ತುಸು ಮುಂದೆ ತಂದು ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ. ತಯಾರಕರು ಎಲ್ಲ ಬಗೆಯ ಪೆಟ್ರೋಲಿಗೆ, ಎಲ್ಲ ಹವೆಗೆ, ಎಲ್ಲ ಬಗೆಯ ಮಾಲೀಕರಿಗೆ ಹೊಂದಲೆಂದು ಬಿಟ್ಟಿದ್ದ ಮಾರ್ಜಿನ್ನನ್ನು ಇವರು ಖರ್ಚು ಮಾಡುತ್ತಾರೆ ಎಂದು ತಿಳಿಯಿರಿ. ನಮ್ಮ ಹುಡುಗನ ಕಾರು 105ರಿಂದ 130ರ ಆಸುಪಾಸಿಗೆ, ಟಾರ್ಕು 210ರ ಆಸುಪಾಸಿಗೆ ಬಂದಿದೆ ಎಂದು ಒಂದು ಕಾಗದ ಕೊಟ್ಟರು. ಕಾರಿನ ಗೇರ್‌ಬಾಕ್ಸು ತಾಳುವ ಮಿತಿ 250. ಆದ್ದರಿಂದ ಚಿಂತೆಯಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟದ್ದೇ ಹೆಚ್ಚು.

ಕಾರು ಓಡಿದ ಚಂದವನ್ನು ಮುಚ್ಚಿಡಲಾರೆ. ಕಾತ್ರಜದ ಹೊಸ ಸುರಂಗದ ಏರಿನಲ್ಲಿ ಲಾರಿಗಳ ಸಾಲನ್ನು ದಾಟುವಾಗ ಬೆನ್ನು ಸೀಟಿಗೆ ಅಂಟುವ ಆ ಸುಖ ಅರವತ್ತು ದಾಟಿದ ನನಗೂ ಬೇಡವೆನಿಸಲಿಲ್ಲ. 1984ರಲ್ಲಿ ಧಾರವಾಡದಿಂದ ಮೊದಲ ಸಲ ಪುಣೆಗೆ ಬಂದಾಗ ರಾತ್ರಿಯಿಡೀ ಏದುಸಿರು ಬಿಟ್ಟ ಆ ಕೆಂಪು ಬಸ್ಸು ನೆನಪಾಯಿತು.

2022ರ ದೀಪಾವಳಿ ಮುಗಿದ ಮರುವಾರ ನಾವು ನಾಲ್ವರು ಊರಿಗೆ ಹೊರಟೆವು: ಹುಡುಗ, ಅವನ ತಾಯಿ, ನಾನು, ಎಂಬತ್ತೊಂದರ ನನ್ನ ತಾಯಿ. ನನ್ನ ತಾಯಿಯ ತವರು ಅಥಣಿ ತಾಲೂಕಿನ ಕೃಷ್ಣಾ ತೀರದ ಒಂದು ಹಳ್ಳಿ. "ಹೊಳಿ ನೋಡಕೋತ ಬೆಳದಾಕಿ ನಾನು. ಅದು ಹುಟ್ಟೂ ಜಾಗಾ ಒಮ್ಮೆ ನೋಡಬೇಕು" ಎಂದು ವರ್ಷಗಳಿಂದ ಹೇಳುತ್ತಿದ್ದಳು. ಆದ್ದರಿಂದ ನೇರ ಹೆದ್ದಾರಿ ಹಿಡಿಯದೆ, ಸುರೂರ ಫಾಟಾದಲ್ಲಿ ಬಲಕ್ಕೆ ಹೊರಳಿ, ವಾಯಿ ಊರಿನ ಮೇಲೆ ಮಹಾಬಳೇಶ್ವರಕ್ಕೆ ಹೋಗಿ, ಅದೇ ದಾರಿಯಲ್ಲಿ ಇಳಿದು ಬಂದು ಬೆಳಗಾವಿಗೆ ಹೋಗುವುದೆಂದು ನಿಶ್ಚಯವಾಯಿತು. ಮರುವಾರ ಸೋಮವಾರಕ್ಕೆ ಹುಡುಗ ಸ್ಟೇಜ್ ಟೂಗೆ ಹೆಸರು ಬರೆಸಿ ಮುಂಗಡವನ್ನೂ ಕೊಟ್ಟಿದ್ದನೆಂಬುದು ನನಗೆ ಆಮೇಲೆ ತಿಳಿದದ್ದು.

ವಾಯಿಯನ್ನು ನೀವು ನೋಡದಿದ್ದರೆ ಒಮ್ಮೆ ನೋಡಿ. ಕೃಷ್ಣೆ ಅಲ್ಲಿ ಇನ್ನೂ ಸಣ್ಣ ಹುಡುಗಿ. ಕಲ್ಲಿನ ಸೋಪಾನಗಳ ಉದ್ದಕ್ಕೂ ಗುಡಿಗಳು. ನಡುವೆ ಡೊಳ್ಳು ಹೊಟ್ಟೆಯ ಢೋಲ್ಯಾ ಗಣಪತಿ. ಮರಾಠಿ ವಿಶ್ವಕೋಶವನ್ನು ಸಿದ್ಧಪಡಿಸಿದ ಕಚೇರಿ ಮುಂಬಯಿಯಲ್ಲೂ ಅಲ್ಲ, ಪುಣೆಯಲ್ಲೂ ಅಲ್ಲ, ಈ ಪುಟ್ಟ ಊರಿನಲ್ಲಿದೆ. ಒಂದು ಭಾಷೆಯ ದೊಡ್ಡ ಕೆಲಸಕ್ಕೆ ದೊಡ್ಡ ಊರೇ ಬೇಕೆಂದಿಲ್ಲ ನೋಡಿ. ವಾಯಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 700 ಮೀಟರು. ಪಂಚಗಣಿ ಸುಮಾರು 1300. ಈ ಆರುನೂರು ಮೀಟರನ್ನು ಪಸರಣಿ ಘಾಟು ಹನ್ನೆರಡು ಕಿಲೋಮೀಟರಿನಷ್ಟು ದಾರಿಯಲ್ಲಿ ಏರುತ್ತದೆ.

ಪೆಟ್ರೋಲು ಹಾಕಿಸಿದ್ದೂ ಈ ಏರಿಗೆ ಮುಂಚೆಯೇ. ಅಲ್ಲೊಂದು ಸಣ್ಣ ಎಡವಟ್ಟಾಯಿತು. ತಿದ್ದಿದ ಕೋಷ್ಟಕವನ್ನು ಬರೆದದ್ದು 95 ಆಕ್ಟೇನಿನ ದುಬಾರಿ ಪೆಟ್ರೋಲಿಗೆ. ನಾವು ನಿಂತ ಬಂಕಿನಲ್ಲಿ ಅದು ಮುಗಿದಿತ್ತು. 91ರ ಸಾಮಾನ್ಯ ಪೆಟ್ರೋಲನ್ನೇ ತುಂಬಿಸಿದೆವು. ಆಕ್ಟೇನ್ ಎಂಬುದು ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಒತ್ತಡ, ಶಾಖ ಎರಡೂ ಏರಿದಾಗ ಕಿಡಿಗೆ ಕಾಯದೆ ತಾನಾಗಿ ಸಿಡಿಯದೆ ಇರುವ ಗುಣ ಅದು. ತಾಳ್ಮೆ ಕಡಿಮೆಯಾದ ಪೆಟ್ರೋಲು ಸಿಲಿಂಡರಿನಲ್ಲಿ ಅಡ್ಡಾದಿಡ್ಡಿ ಸಿಡಿದರೆ ಅದೇ ನಾಕಿಂಗು. ಪಿಸ್ಟನ್ನಿನ ಮೇಲೆ ಸುತ್ತಿಗೆ ಪೆಟ್ಟು ಬಿದ್ದ ಹಾಗೆ. ಎಂಜಿನ್ನಿಗೆ ಅಂಟಿಸಿದ ಸಂವೇದಕ ಆ ಸದ್ದನ್ನು ಕೇಳಿ ಕಿಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ನು ಉಳಿಯುತ್ತದೆ, ನೀವು ದುಡ್ಡು ಕೊಟ್ಟು ಕೊಂಡ ಬಲ ಮಾತ್ರ ಮಾಯ.

ಘಾಟಿನ ಅರ್ಧದಲ್ಲಿ ಹುಡುಗನ ಮುಖ ಸಪ್ಪಗಾಯಿತು. "ಮಾಮಾ, ಗಾಡಿ ಎಳೀತಾನೇ ಇಲ್ಲ" ಎಂದ. ಪೆಟ್ರೋಲು ಒಂದು ಕಾರಣ. ಇನ್ನೊಂದು, ಆ ಘಾಟು. 1350 ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 15ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಅಷ್ಟು ಬಲವನ್ನು ಸುಮ್ಮನೆ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದದ್ದು ಹೆಚ್ಚು ಸುತ್ತು ಹೊಡೆದು ಆ ಕೊರತೆಯನ್ನು ತುಂಬಿಕೊಡುತ್ತದೆ. ಬೆಟ್ಟದ ದಾರಿಯಲ್ಲಿ ಅದರ ದೊಡ್ಡಗುಣವೇ ಅದು. ಆದರೆ ಆ ಹೆಚ್ಚುವರಿ ಸುತ್ತನ್ನು ನೀವು ಪುಣೆಯಲ್ಲೇ ಕೋಷ್ಟಕ ತಿದ್ದಿ ಖರ್ಚು ಮಾಡಿದ್ದರೆ ಘಾಟಿಗೆ ಏನುಳಿಯಿತು? ಚಕ್ರ ತನ್ನ ಮಿತಿಯ ಹತ್ತಿರ ತಿರುಗುತ್ತದೆ, ಒತ್ತಿದ ಗಾಳಿ ಇನ್ನಷ್ಟು ಕಾಯುತ್ತದೆ. ಈ ಎಂಜಿನ್ನಿನಲ್ಲಿ ಇಂಟರ್‌ಕೂಲರನ್ನು ಒಳಸೇರುವ ಗಾಳಿಯ ಕೊಳವೆಯಲ್ಲೇ ಅಡಗಿಸಿ, ನೀರಿನಿಂದ ತಣಿಸುವ ಏರ್ಪಾಡು ಮಾಡಿದ್ದಾರೆ. ಜಾಗ ಉಳಿಸುವ ಜಾಣತನ ಅದು. ಆದರೆ ನಿಧಾನವಾಗಿ ಏರುವ ಪ್ರವಾಸಿ ಬಸ್ಸಿನ ಹಿಂದೆ, ಎದುರುಗಾಳಿ ಇಲ್ಲದೆ, ನಾಲ್ಕು ಜನರ ಭಾರ ಹೊತ್ತು ಏರುವಾಗ ಆ ನೀರೇ ಕಾದುಬಿಡುತ್ತದೆ. ಗಣಕದ ಡಬ್ಬಿ ಎಲ್ಲ ಲೆಕ್ಕ ಹಾಕಿ ಬಲವನ್ನು ಹಿಂದೆಗೆದುಕೊಂಡಿತು. ಕಾಗದದ ಮೇಲಿನ 130 ಪಸರಣಿ ಘಾಟಿನಲ್ಲಿ ಎಷ್ಟಾಗಿತ್ತೋ, ತಿದ್ದದ ಕಾರಿಗಿಂತ ಹೆಚ್ಚೇನೂ ಇದ್ದಂತೆ ಕಾಣಲಿಲ್ಲ.

ಮಹಾಬಳೇಶ್ವರದ ಹಳೆಯ ಭಾಗದಲ್ಲಿ ಪಂಚಗಂಗಾ ಗುಡಿಯಿದೆ. ಕೃಷ್ಣಾ, ಕೊಯ್ನಾ, ವೇಣ್ಣಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಉಗಮವೆಂದು ಪೂಜಿಸುವ ಜಾಗ. ಕಲ್ಲಿನ ಆಕಳ ಬಾಯಿಂದ ನೀರು ಬೀಳುತ್ತದೆ. ಸೇವುಣ ಅರಸ ಸಿಂಘಣನ ಕಾಲದ್ದೆಂದು ಹೇಳುತ್ತಾರೆ. ಅವನ ವಂಶದವರ ಶಾಸನಗಳು ಕನ್ನಡದಲ್ಲೂ ಇವೆ ಎಂದು ಹುಡುಗನಿಗೆ ಹೇಳಿದೆ. ಅವನು ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ಟು ಎತ್ತಿ ತಣಿಸುವ ಯೋಚನೆಯಲ್ಲಿದ್ದ. ನನ್ನ ತಾಯಿ ಬಹಳ ಹೊತ್ತು ನೀರು ನೋಡುತ್ತ ನಿಂತಳು. "ಇಷ್ಟ ಇಷ್ಟ ನೀರು ನಮ್ಮೂರಾಗ ಮನೀ ಮುಳಗಸ್ತದ ನೋಡು" ಎಂದಳು. ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಸೆರಗಿನಲ್ಲಿ ಸುತ್ತಿದಳು.

ಇನ್ನು ಇಳಿಯುವ ಮಾತು.

ನಾನು ಮೂವತ್ತೊಂದು ವರ್ಷ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ದುಡಿದೆ. ಯಾವ ವಿಭಾಗದಲ್ಲಿ ಗೊತ್ತೇ? ಬ್ರೇಕಿನ ಬಿಡಿಭಾಗಗಳ ಪರೀಕ್ಷೆಯಲ್ಲಿ! ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹುಡುಗನ ಎಂಜಿನ್ನಿನ ಬಗ್ಗೆ ನೂರು ಪ್ರಶ್ನೆ ಕೇಳಿದವನು ಬ್ರೇಕ್ ಎಣ್ಣೆ ಯಾವಾಗ ಬದಲಿಸಿದೆ ಎಂಬ ಒಂದು ಪ್ರಶ್ನೆ ಕೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಒಂದು ಲೆಕ್ಕ ಮಾಡಿ ನೋಡಿ. ಕಾರು ಸುಮಾರು 1100 ಕಿಲೋ, ನಾವು ನಾಲ್ವರು ಮತ್ತು ಫರಾಳದ ಡಬ್ಬಿಗಳೂ ಸೇರಿದ ಸಾಮಾನು ಕೂಡಿ 1400 ಕಿಲೋ. ಇಷ್ಟು ಭಾರ ಆರುನೂರು ಮೀಟರು ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 80 ಲಕ್ಷ ಜೂಲಿನಷ್ಟು. ಅದೆಲ್ಲ ಶಾಖವಾದರೆ ಇಪ್ಪತ್ನಾಲ್ಕು ಲೀಟರು ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಅಂದರೆ ದೀಪಾವಳಿ ಅಭ್ಯಂಗದ ಒಂದು ಹಂಡೆ. ಸ್ವಲ್ಪ ಗಾಳಿಗೆ ಹೋಗುತ್ತದೆ. ಗೇರು ಕೆಳಗಿಟ್ಟರೆ ಸಾಕಷ್ಟು ಪಾಲು ಎಂಜಿನ್ನಿನಲ್ಲಿ ಕಳೆಯುತ್ತದೆ. ಇಡದಿದ್ದರೆ ಮಿಕ್ಕದ್ದೆಲ್ಲ ಮುಂದಿನ ಎರಡು ಡಿಸ್ಕು, ಹಿಂದಿನ ಎರಡು ಡ್ರಮ್ಮುಗಳ ಪಾಲು.

ನಮ್ಮ ಹುಡುಗ ಗೇರು ಕೆಳಗಿಡಲಿಲ್ಲ. ಏರುವಾಗ ಆದ ನಿರಾಸೆಯನ್ನು ಇಳಿಯುವಾಗ ತೀರಿಸಿಕೊಳ್ಳುತ್ತಿದ್ದ. ತಾನೇ ಗೇರು ಬದಲಿಸುವ ಪೆಟ್ಟಿಗೆ. 'ಡಿ'ಯಲ್ಲಿಟ್ಟರೆ ಪೆಟ್ರೋಲು ಉಳಿಸಲು ಮೇಲಿನ ಗೇರಿಗೇ ಹೋಗುತ್ತದೆ. ಎರಡು ತಿರುವುಗಳ ನಡುವಿನ ತುಂಡು ದಾರಿಯಲ್ಲಿ ಒಮ್ಮೆ ಒತ್ತಿದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅರವತ್ತು ಎಪ್ಪತ್ತಾಗುತ್ತದೆ, ಎಪ್ಪತ್ತು ಎಂಬತ್ತಾಗುತ್ತದೆ. ವೇಗ 60ರಿಂದ 80ಕ್ಕೆ ಹೋದರೆ ನಿಲ್ಲಿಸಲು ಬೇಕಾದ ಕೆಲಸ ಮೂರನೆಯ ಒಂದು ಪಾಲು ಹೆಚ್ಚಲ್ಲ, ಸುಮಾರು ಮುಕ್ಕಾಲು ಪಾಲು ಹೆಚ್ಚು. ವರ್ಗದ ಲೆಕ್ಕ ಅದು; ಶಾಲೆಯಲ್ಲಿ ಕಲಿತು ಪರೀಕ್ಷೆಯ ಮರುದಿನ ನಾವೆಲ್ಲ ಮರೆತದ್ದು. ಹೆಚ್ಚುವರಿ ಬಲ ಕಾರನ್ನು ಪ್ರತಿ ತಿರುವಿಗೂ ಹೆಚ್ಚು ವೇಗದಲ್ಲಿ ತಂದು ನಿಲ್ಲಿಸುತ್ತಿತ್ತು, ಪ್ರತಿ ತಿರುವಿನಲ್ಲೂ ಹಳೆಯ ಬ್ರೇಕು ಆ ಸಾಲ ತೀರಿಸುತ್ತಿತ್ತು.

ಮೊದಲು ಬಂದದ್ದು ವಾಸನೆ. ಸುಟ್ಟ ವಾಸನೆಯನ್ನು ನಾನು ಪರೀಕ್ಷಾಲಯದಲ್ಲಿ ಸಾವಿರ ಸಲ ಮೂಸಿದವನು. ಆದರೂ ಎದುರಿನ ಲಾರಿಯದೆಂದುಕೊಂಡೆ. ಆಮೇಲೆ ಹುಡುಗ ಮಾತು ನಿಲ್ಲಿಸಿದ. ಅವನ ಬಲಗಾಲು ಮೇಲೆ ಕೆಳಗೆ, ಮೇಲೆ ಕೆಳಗೆ. "ಮಾಮಾ, ಪೆಡಲ್ಲು ಒಳಗೇ ಹೋಗ್ತಿದೆ" ಎಂದು ಮೆಲ್ಲಗೆ ಹೇಳಿದ. ಅಜ್ಜಿಗೆ ಕೇಳಬಾರದೆಂದು ಮೆಲ್ಲಗೆ. ಮುಂದೆ ಬಲಕ್ಕೆ ತಿರುವು, ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಕೃಷ್ಣೆಯ ಕಣಿವೆ, ಧೋಮ ಅಣೆಕಟ್ಟಿನ ನೀರು ಬೆಳ್ಳಗೆ ಹೊಳೆಯುತ್ತಿತ್ತು.

ಗೇರನ್ನು ಕೈಯಾಡಿಸುವ ಮಾದರಿಗೆ ತಂದು ಮೂರಕ್ಕೆ, ಕೂಡಲೆ ಎರಡಕ್ಕೆ ಇಳಿಸು ಎಂದೆ. ಎಂಜಿನ್ನು ಕಿರುಚಿತು. ನಾನು ನಡುವಿನ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದು ಇಷ್ಟಿಷ್ಟೇ ಎಳೆಯುತ್ತ, ಬಿಡುತ್ತ ಹೋದೆ. ಹ್ಯಾಂಡ್‌ಬ್ರೇಕಿಗೆ ಎಣ್ಣೆಯ ಹಂಗಿಲ್ಲ, ತಂತಿಯ ಎಳೆತ. ಒಮ್ಮೆಲೆ ಎಳೆದರೆ ಹಿಂಚಕ್ರ ಜಾರುತ್ತದೆ. ತಿರುವನ್ನು ಹೇಗೋ ಕಳೆದೆವು. ಅದರಾಚೆ ಬೆಟ್ಟದ ಬದಿಗೆ ಪೇರಲಹಣ್ಣು ಮಾರುವವನೊಬ್ಬ ಬುಟ್ಟಿ ಇಟ್ಟುಕೊಂಡಿದ್ದ ಅಗಲವಾದ ಜಾಗ. ಅಲ್ಲಿನ ಜಲ್ಲಿಗೆ ಹತ್ತಿಸಿ ನಿಲ್ಲಿಸಿದೆವು. ಮುಂದಿನ ಚಕ್ರಗಳಿಂದ ಹೊಗೆ. ಹುಡುಗನ ಕೈ ಸ್ಟಿಯರಿಂಗು ಬಿಡಲೊಲ್ಲದು.

"ಯಾಕ ನಿಂದ್ರಿಸಿದ್ಯೊ?" ಎಂದಳು ನನ್ನ ತಾಯಿ.

"ಪೇರಲಹಣ್ಣು ಅವ್ವಾ" ಎಂದೆ. ಅರ್ಧ ಕಿಲೋ ಕೊಂಡೆವು. ಒಂದು ಗಂಟೆ ಅಲ್ಲೇ ಕೂತೆವು. ಹಣ್ಣು ಮಾರುವವನು ಚಕ್ರಕ್ಕೆ ನೀರು ಸುರಿಯಲು ಕೊಡ ತಂದ, ಬೇಡವೆಂದೆ. ಕೆಂಪಗೆ ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾದೀತು, ಸೀಳೀತು. ತಂಗಿ ಒಂದು ಮಾತನ್ನೂ ಆಡಲಿಲ್ಲ. ಮಗನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪೆಡಲ್ಲು ಮತ್ತೆ ತುಸು ಗಟ್ಟಿಯಾದ ಮೇಲೆ ಮೊದಲ ಗೇರಿನಲ್ಲಿ ನಡೆದಂತೆ ಇಳಿದು ವಾಯಿ ಸೇರಿದೆವು. ಅಲ್ಲಿನ ಮೇಸ್ತ್ರಿ ಚಕ್ರದ ಬಳಿಯ ಮೊಳೆ ಸಡಿಲಿಸಿ ಹಳೆಯ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಿಟ್ಟು ತೋರಿಸಿದ: ಹಳದಿಯಾಗಿರಬೇಕಾದದ್ದು ಕಪ್ಪು ಚಹದ ಬಣ್ಣ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಉಪ್ಪಿನ ಡಬ್ಬಿಯ ಹಾಗೆ. ಡಾಟ್ 4 ದರ್ಜೆಯ ಹೊಸ ಎಣ್ಣೆ 230 ಡಿಗ್ರಿಯವರೆಗಾದರೂ ಕುದಿಯಬಾರದೆಂಬ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದು ಆವಿಯಾದರೆ ನಿಮ್ಮ ಕಾಲು ಒತ್ತುವುದು ಆವಿಯ ಗುಳ್ಳೆಗಳನ್ನು, ಬ್ರೇಕನ್ನಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ, ಕೆಲವೇ ನೂರು ರೂಪಾಯಿಯ ವಸ್ತು ಅದು. ಹಳೆಯ ಮಾಲೀಕ ಬದಲಿಸಿರಲಿಲ್ಲ, ಹುಡುಗನೂ ಇಲ್ಲ. ಎಂಜಿನ್ನಿಗೆ ಬಲ ಹೆಚ್ಚಿಸಿದ ಅಂಗಡಿಯವರು ಕೇಳಲೂ ಇಲ್ಲ. ನಾನೂ ಕೇಳಿರಲಿಲ್ಲವಲ್ಲ, ಅವರನ್ನು ಹೇಗೆ ದೂರಲಿ?

ರಾತ್ರಿ ವಾಯಿಯಲ್ಲೇ ಉಳಿದೆವು. ಲಾಡ್ಜಿನ ಮೊಗಸಾಲೆಯಲ್ಲಿ ಕೂತು ಹುಡುಗ ಸ್ಟೇಜ್ ಟೂ ಸಂಗತಿ ಹೇಳಿದ. ಅದರಲ್ಲಿ ಹೊಗೆ ಹೋಗುವ ಕೊಳವೆಯನ್ನು ದೊಡ್ಡದು ಮಾಡುತ್ತಾರೆ. ಅನೇಕ ಕಡೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತೆಸೆಯುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ, ನಿಮಗೂ ಹೇಳುತ್ತೇನೆ. ನಿಮ್ಮ ಹತ್ತು ಅಶ್ವಶಕ್ತಿಯ ಹೊಗೆಯನ್ನು ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರಿನವಳ ಮಗು ಯಾಕೆ ಕುಡಿಯಬೇಕು? ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಎತ್ತಿಹಿಡಿದಿದೆ. ಆ ದಿನ ನಾವು ಕಟ್ಟೆ ದಾಟಿದ್ದರೆ ವಿಮೆಯವರು ಮೊದಲು ಕೇಳುತ್ತಿದ್ದದ್ದು ಆ ಕಾರಿನಲ್ಲಿ ಏನೇನು ಬದಲಾಗಿದೆ ಎಂದೇ. ಹುಡುಗ ಇದನ್ನು ಯೋಚಿಸಿಯೇ ಇರಲಿಲ್ಲ. ನಿಜವಾಗಿ ಬಲದ ಹುಚ್ಚು ತೀರಿಸಿಕೊಳ್ಳಬೇಕಾದವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕುಗಳಿವೆ. 2010ರಿಂದ ಕೆಲವು ವರ್ಷ ಈ ಪೋಲೊ ಕಾರುಗಳದ್ದೇ ಒಂದು ಸ್ಪರ್ಧೆ ನಮ್ಮ ದೇಶದಲ್ಲಿ ನಡೆಯುತ್ತಿತ್ತು. ಅಲ್ಲಿ ಓಡಿದ ಕಾರುಗಳಲ್ಲಿ ಅಜ್ಜಿ ಕೂರುವ ಸೀಟೇ ಇರುತ್ತಿರಲಿಲ್ಲ, ಅದರ ಜಾಗದಲ್ಲಿ ಉಕ್ಕಿನ ಪಂಜರ.

ಮರುದಿನ ಸಾತಾರೆ, ಕರಾಡ, ಕೊಲ್ಹಾಪುರಗಳ ಸಪಾಟು ಹೆದ್ದಾರಿ. ಇಕ್ಕೆಲಗಳಲ್ಲಿ ಕಬ್ಬು, ಟ್ರ್ಯಾಕ್ಟರಿನ ಸಾಲು, ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಈ ವಾಸನೆಗೂ ನಿಮ್ಮ ಟರ್ಬೊ ಕಾರಿಗೂ ನಂಟಿದೆ. ಪೆಟ್ರೋಲಿಗೆ ಬೆರೆಸುವ ಎಥನಾಲಿನ ಒಂದು ದೊಡ್ಡ ಪಾಲು ಬರುವುದು ಇಂಥ ಕಬ್ಬಿನ ಸೀಮೆಗಳಿಂದ, ನಮ್ಮ ಬೆಳಗಾವಿ ಜಿಲ್ಲೆಯಿಂದ ಕೂಡ. 2022ರಲ್ಲಿ ಬೆರಕೆ ಶೇಕಡಾ 10 ಇತ್ತು. 2025ರ ಹೊತ್ತಿಗೆ 20ಕ್ಕೆ ಬಂದಿತು. ಎಥನಾಲಿಗೆ ಆಕ್ಟೇನ್ ಹೆಚ್ಚು, ನಾಕಿಂಗಿಗೆ ಒಳ್ಳೆಯದು. ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ, ಉರಿಯಲು ಬೇಕಾದ ಗಾಳಿಯ ಪ್ರಮಾಣವೂ ಬೇರೆ, ಹಳೆಯ ಕಾರಿನ ರಬ್ಬರು ಕೊಳವೆಗಳಿಗೆ ಅಷ್ಟೇನೂ ಹಿತವಲ್ಲ. 2021ರಲ್ಲಿ ಬರೆಸಿದ ಕೋಷ್ಟಕ ಇಂದಿನ ಪೆಟ್ರೋಲಿಗೆ ಹೊಂದುತ್ತದೆಂದು ತಿಳಿದು ಸುಮ್ಮನೆ ಕೂರಬೇಡಿ.

ಕಾಗಲ ದಾಟಿ ದೂಧಗಂಗೆ ದಾಟಿ ಕೊಗನೊಳ್ಳಿ ಬಂತು. ಹುಡುಗ ದಿನದಲ್ಲಿ ಮೊದಲ ಬಾರಿ ನಕ್ಕು, "ಕರ್ನಾಟಕ ರಾಜ್ಯಕ್ಕೆ ಸು-ಸ್ವಾ-ಗತ" ಎಂದು ಜೋರಾಗಿ ಓದಿದ. ಎರಡು ದಿನಗಳ ನಂತರ ಅಜ್ಜಿಯ ತವರಿಗೂ ಹೋದೆವು. ಅವಳು ಬಾಟಲಿಯ ನೀರನ್ನು ಅರ್ಧ ದೇವರ ಮುಂದಿಟ್ಟು, ಉಳಿದರ್ಧವನ್ನು ಹೊಳೆಗೆ ಸುರಿದಳು.

ಬೆಳಗಾವಿಯಿಂದಲೇ ಹುಡುಗ ಫೋನು ಮಾಡಿ ಸ್ಟೇಜ್ ಟೂ ಬೇಡವೆಂದ. ಮುಂಗಡ ಮರಳಿ ಬರಲಿಲ್ಲ. ಪುಣೆಗೆ ಬಂದ ಮೇಲೆ ಉಳಿದ ಹಣದಲ್ಲಿ ಅವನು ಮಾಡಿದ್ದಿಷ್ಟು: ಒಳ್ಳೆಯ ದರ್ಜೆಯ ಬ್ರೇಕ್ ಪ್ಯಾಡು, ಹೊಸ ಮುಂದಿನ ಡಿಸ್ಕು, ಹೊಸ ಟಯರು, ಹೊಸ ಸ್ಪಾರ್ಕ್ ಪ್ಲಗ್ಗು, ಇಂಟರ್‌ಕೂಲರಿನ ತಣ್ಣೀರು ಬದಲಾವಣೆ. ಕೋಷ್ಟಕವನ್ನು ಕಾರ್ಖಾನೆಯ ಮೂಲ ಲೆಕ್ಕಕ್ಕೆ ತಿರುಗಿಸಿದ. ಬೇಸರವಾಗಲಿಲ್ಲವೇ ಎಂದು ಕೇಳಿದೆ. "ಆಗ್ತದ ಮಾಮಾ, ದಿನಾ ಆಗ್ತದ" ಎಂದ. ಸುಳ್ಳು ಹೇಳದ ಹುಡುಗ. ಆದರೆ ಮೂಲದ 105ರಲ್ಲೇ ಆ ಕಾರು ಘಾಟುಗಳಲ್ಲಿ ಮೊದಲಿಗಿಂತ ಬೇಗ ಹೋಗುತ್ತದೆ, ಏಕೆಂದರೆ ತಿರುವಿಗೆ ಎಲ್ಲಿ ಬ್ರೇಕು ಒತ್ತಬೇಕೆಂಬುದು ಈಗ ಅವನಿಗೆ ಖಚಿತವಾಗಿ ಗೊತ್ತು.

ಮರುವರ್ಷದ ದೀಪಾವಳಿಗೆ ಮತ್ತೆ ಹೋದೆವು. ಹಿಂದಿರುಗುವಾಗ ಸಂಕೇಶ್ವರ ದಾಟಿ ಸ್ತವನಿಧಿಯ ಬಳಿ ತವಂದಿ ಘಾಟಿನ ಇಳಿಜಾರು. ಹೊತ್ತ ಭಾರಕ್ಕೆ ಬ್ರೇಕು ಸೋತು ಲಾರಿಗಳು ಮಗುಚುವ ಜಾಗ ಅದು. ಹುಡುಗ ಇಳಿಜಾರಿನ ಬೋರ್ಡು ಕಾಣುವ ಮುಂಚೆಯೇ ಮೂರನೆಯ ಗೇರಿಗೆ ಬಂದ. ಎಂಜಿನ್ನು ಗೊಣಗುತ್ತ ಕಾರನ್ನು ಹಿಡಿದುಕೊಂಡಿತು. ಹಿಂದೆ ನನ್ನ ತಾಯಿ ಕಣ್ಣು ಮುಚ್ಚಿದ್ದವಳು, "ಮ್ಯಾಲ ಘಾಟಿನ್ಯಾಗ ಹಣ್ಣ ತಗೊಂಡಿದ್ವೆಲಾ, ಇಲ್ಲೂ ಸಿಗ್ತಾವೇನು ನೋಡೊ" ಎಂದಳು. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಿಪ್ಪಾಣಿಯಲ್ಲಿ ನಿಲ್ಲಿಸಿ ಒಂದು ಕಿಲೋ ಕೊಂಡೆವು.